ಗದ್ದಲ ಯಾರದು, ದನಿ ಯಾರದು?

(ಗುಂಡಗುರ್ತಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಭೂಮಿ, ಕೂಲಿ, ಸ್ಮಶಾನದ ಜಾಗ ಇಷ್ಟೆಲ್ಲ ಪ್ರಶ್ನೆ ಇರುವಾಗ ಇವನು ಮೈಕು, ಗದ್ದಲ ಅಂತ ಯಾಕ ಮಾತಾಡ್ತಾನ ಅಂತ ನಿಮಗ ಅನಿಸಬಹುದು. ಗದ್ದಲದ ಕಾನೂನು ಅಂದ್ರ ಪ್ಯಾಟಿಯವರದು, ಬಂಗಲೆಯಾಗ ಮಲಗುವವರದು ಅಂತ ನಾವು ಬಿಟ್ಟುಬಿಟ್ಟೀವಿ. ನಾವು ಬಿಟ್ಟ ಕಾನೂನನ್ನು ಬ್ಯಾರೆಯವರು ಹಿಡಕೊಂಡು ನಮ್ಮ ಮ್ಯಾಲೇ ಬೀಸ್ತಾರ. ಅದಕ್ಕ ಇವತ್ತು ಈ ಮಾತು.

ನಮ್ಮ ಊರುಗಳೊಳಗ ಹೆಚ್ಚು ಸಪ್ಪಳ ಮಾಡಿದವರು ಯಾರು? ನಾವೇ. ಜಾತ್ರಿಗೆ ಹಲಗಿ ಬಾರಿಸಿದವರು ನಾವು. ಹೆಣದ ಮುಂದ ಬಾರಿಸಿದವರು ನಾವು. ಓಣಿ ಓಣಿ ತಿರುಗಿ ಡಂಗುರ ಸಾರಿದವರು ನಾವು. ಕೈ ನಮ್ಮದು, ಸಾರಿದ ಮಾತು ಮಾತ್ರ ಗೌಡಂದು. ಅದೇ ಹಲಗಿ ನಮ್ಮ ಮದುವಿ ಮೆರವಣಿಗಿಯಲ್ಲಿ ಊರ ನಡುವಿನ ದಾರಿಗೆ ಬಂದಾಗ ಅದು 'ಗಲಾಟೆ' ಆಯಿತು. 1920ರ ಜನವರಿ 31ರಂದು ಬಾಬಾಸಾಹೇಬರು ಪತ್ರಿಕೆ ಶುರು ಮಾಡಿದಾಗ ಅದಕ್ಕೆ 'ಮೂಕನಾಯಕ' ಅಂತ ಹೆಸರಿಟ್ಟರು. ತಲೆತಲಾಂತರ ಹಲಗಿ ಬಾರಿಸಿದ ಮಂದಿ ಮೂಕರು ಹ್ಯಾಂಗಾದರು? ವಿಚಾರ ಮಾಡ್ರಿ. ಸಪ್ಪಳ ಬ್ಯಾರೆ, ದನಿ ಬ್ಯಾರೆ.

ಈಗ ಕಾನೂನಿಗೆ ಬರೋಣ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ 2000ರಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ತಂದಿತು. ಜನ ವಾಸ ಮಾಡುವ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ವ್ಯಾಪಾರದ ಪ್ರದೇಶದಲ್ಲಿ 65 ಮತ್ತು 55. ಕಾರ್ಖಾನೆ ಪ್ರದೇಶದಲ್ಲಿ 75 ಮತ್ತು 70. ಹಗಲು ಅಂದ್ರ ಮುಂಜಾನೆ 6ರಿಂದ ರಾತ್ರಿ 10. ಬರಹದ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ಬಯಲಿನಲ್ಲಿ ರಾತ್ರಿ 10ರಿಂದ ಮುಂಜಾನೆ 6ರವರೆಗೆ ಹಾಕಲೇಬಾರದು. ಹಬ್ಬಹುಣ್ಣಿಮೆಗೆ ಅಂತ ರಾಜ್ಯ ಸರ್ಕಾರ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ಇದು ಪ್ಯಾಟಿಗೂ ಹೌದು, ಹಳ್ಳಿಗೂ ಹೌದು.

2005ರ ಜುಲೈ 18ರಂದು ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿದು ದೊಡ್ಡ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಕೋರ್ಟಿಗೆ ಹೋದದ್ದು ಹ್ಯಾಂಗ ಗೊತ್ತೇನು? 13 ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಕೂಗಿದಳು. ನೆರೆಯಲ್ಲಿ ಧ್ವನಿವರ್ಧಕದ ಹಾಡು ಹರಿದುಹೋಗುವಂತೆ ಹಚ್ಚಿದ್ದರು. ಕೂಗು ಯಾರಿಗೂ ಕೇಳಲಿಲ್ಲ. ಅದೇ ದಿನ ಸಂಜೆ ಆ ಕೂಸು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಿತು. 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಈ ಸುದ್ದಿಯನ್ನು ಅರ್ಜಿದಾರರು ಕೋರ್ಟಿನ ಮುಂದೆ ಇಟ್ಟರು. ಅವ್ವಂದಿರೆ, ಗದ್ದಲದ ಪ್ರಶ್ನೆ ಬರೀ ನಿದ್ದಿ ಪ್ರಶ್ನೆ ಅಂತ ಇನ್ನು ಅನ್ನಬ್ಯಾಡ್ರಿ. ಗದ್ದಲ ಮೊದಲು ಮುಚ್ಚೋದು ಬಲ ಇಲ್ಲದವರ ಬಾಯಿ. ಮಾತಾಡುವ ಹಕ್ಕು ಎಲ್ಲರಿಗೂ ಅದ. ಕೇಳಲೇಬೇಕು ಅಂತ ಇನ್ನೊಬ್ಬರ ಕಿವಿಯೊಳಗ ತುರುಕುವ ಹಕ್ಕು ಯಾರಿಗೂ ಇಲ್ಲ ಅಂತ ಆ ತೀರ್ಪು ಹೇಳಿತು.

ನಮ್ಮ ಭಾಗದ ಗದ್ದಲಕ್ಕೆ ಬರೋಣ. ವಾಡಿ, ಮಳಖೇಡ, ಸೇಡಂ ಅಂದ್ರ ಸಿಮೆಂಟು. ಶಹಾಬಾದ, ಚಿತ್ತಾಪುರ ಅಂದ್ರ ಫರ್ಸಿ ಕಲ್ಲು. ಗಣಿಯ ಮದ್ದು, ಕಲ್ಲು ಕೊಯ್ಯುವ ಮಷೀನು, ರಾತ್ರಿಯೆಲ್ಲ ಲಾರಿ. ಅಲ್ಲಿ ದುಡಿಯುವವರು ಬಹಳ ಮಂದಿ ನಮ್ಮವರು. ಗದ್ದಲದಿಂದ ಕಿವಿ ಹೋಗುವುದನ್ನು ಕಾರ್ಮಿಕ ಕಾನೂನು ಉದ್ಯೋಗದ ರೋಗ ಅಂತಲೇ ಬರೆದದ. ಆದರೆ ಕಿವಿ ಮಂದ ಆದವನಿಗೆ ನಾವು ಏನಂತೀವಿ? 'ವಯಸ್ಸಾತು ಬಿಡು' ಅಂತೀವಿ.

ಇಲ್ಲೇ ಒಂದು ಲೆಕ್ಕ ತಿಳಕೋಬೇಕು. ಡೆಸಿಬಲ್ 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು. 20 ಏರಿದರೆ ನೂರು ಪಟ್ಟು. ಕಾರ್ಖಾನೆ ಮಗ್ಗುಲಿನ ನಮ್ಮ ಓಣಿಯನ್ನು ವಸತಿ ಪ್ರದೇಶ ಅಂತ ಬರೆದರೆ ರಾತ್ರಿ 45. ಕೈಗಾರಿಕಾ ಪ್ರದೇಶ ಅಂತ ಬರೆದರೆ 70. ಮನಿ ಅದೇ, ಕೂಸು ಅದೇ, ತೊಟ್ಟಿಲು ಅದೇ. ಕಾಗದದ ಮೇಲಿನ ಒಂದು ಶಬ್ದ ಬದಲಾದರೆ ಮುನ್ನೂರು ಪಟ್ಟಿಗಿಂತ ಹೆಚ್ಚು ಗದ್ದಲ ಕಾನೂನುಬದ್ಧ ಆಗತದ. ಹೀಗೆ ವಿಂಗಡಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಶಾಲೆ, ದವಾಖಾನೆಯ ಸುತ್ತ 100 ಮೀಟರ್ ತಾನಾಗೇ ನಿಶ್ಶಬ್ದ ವಲಯ ಅಂತ ಬಹಳ ಮಂದಿ ತಿಳಕೊಂಡಾರ. 2017ರ ತಿದ್ದುಪಡಿ ಆದಮೇಲೆ ಸರ್ಕಾರ ಘೋಷಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ. ನಮ್ಮ ಮಕ್ಕಳ ಶಾಲೆ ಆ ಪಟ್ಟಿಯಲ್ಲಿ ಅದನೋ ಇಲ್ಲೋ ಯಾರಾದರೂ ಕೇಳೀವೇನು?

ಇನ್ನೊಂದು ಮಾತು, ನಮ್ಮ ಹುಡುಗರಿಗೆ. ಸಿಟ್ಟಾಗಬ್ಯಾಡ್ರಿ. ಏಪ್ರಿಲ್ 14ಕ್ಕೆ ಡಿಜೆ ತರ್ತೀರಿ. ಅವರು ತಂದಾರ, ನಾವ್ಯಾಕ ಕಡಿಮಿ ಅಂತೀರಿ. ಅವರ ಜೊತೆ ಸರಿಸಮ ನಿಲ್ಲಬೇಕು, ಒಪ್ಪಿದೆ. ಆದರೆ ಬಾಬಾಸಾಹೇಬರ ಮಾತೇ ಕೇಳದಂಥ ಸಪ್ಪಳದೊಳಗ ಬಾಬಾಸಾಹೇಬರ ಜಯಂತಿ ಹ್ಯಾಂಗಾಗತದ? ಆ ಡಿಜೆ ಬಾಡಿಗಿ ಸಾವಿರಾರು ರೂಪಾಯಿ ನಮ್ಮ ಕೂಲಿ ರೊಕ್ಕ. ರಾತ್ರಿ ಪಾಳಿ ಮಾಡಿ ಬಂದವನು, ಬಾಣಂತಿ, ಪರೀಕ್ಷೆಗೆ ಕುಂತ ಹುಡುಗಿ, ಇವರೆಲ್ಲ ನಮ್ಮ ಓಣಿಯವರೇ. ಹತ್ತಕ್ಕೆ ನಾವೇ ಬಂದ್ ಮಾಡಿದರೆ ಪೊಲೀಸಿನವನು ವೈರು ಕೀಳಾಕ ಬರೋ ನೆವ ತಪ್ಪತದ.

ಹಂಗಂತ ಗದ್ದಲದ ನೆವ ಹೇಳಿ ನಮ್ಮ ಮೆರವಣಿಗಿ ನಿಲ್ಲಿಸಿದರೆ ಸುಮ್ಮನಿರಬ್ಯಾಡ್ರಿ. ಹಾದಿ ಎಲ್ಲರದು. ಗುಡಿ ಮೈಕಿಗೆ ಒಂದು ಅಳತಿ, ಮಸೀದಿಗೆ ಒಂದು, ಕೇರಿಗೆ ಒಂದು ಅಂತ ಆ ನಿಯಮದಲ್ಲಿ ಎಲ್ಲೂ ಬರೆದಿಲ್ಲ.

ಮಾಡೋದು ಏನು? ಮೊದಲನೆಯದು, ಕಾರ್ಯಕ್ರಮ ಇದ್ದಾಗ ಮುಂಚೆಯೇ ಅರ್ಜಿ ಕೊಟ್ಟು ಸ್ವೀಕೃತಿ ತಗೋರಿ. 2022ರ ಮೇ ತಿಂಗಳ ರಾಜ್ಯ ಸರ್ಕಾರದ ಆದೇಶದಲ್ಲಿ ಕಮಿಷನರೇಟ್ ಅಲ್ಲದ ಕಡೆ ಡಿವೈಎಸ್‌ಪಿ, ತಹಶೀಲ್ದಾರ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಇರುವ ಸಮಿತಿ ಹೇಳಿದ್ದಾರೆ. ಅನುಮತಿ ಇಲ್ಲ ಅಂದ್ರ ಕಾರಣ ಬರೆದು ಕೊಡ್ರಿ ಅನ್ನಿ. ಎರಡನೆಯದು, ಗಣಿ, ಮಷೀನಿನ ಗದ್ದಲ ಅಳೆಯಿರಿ ಅಂತ ಮಂಡಳಿಗೆ ಬರೆಯಿರಿ. ಮಿತಿಗಿಂತ 10 ಡೆಸಿಬಲ್ ಹೆಚ್ಚಿದ್ದರೆ ಯಾರು ಬೇಕಾದರೂ ದೂರು ಕೊಡಬಹುದು. ಮೂರನೆಯದು, ನಮ್ಮ ಓಣಿಯನ್ನು ಯಾವ ಪ್ರದೇಶ ಅಂತ ಬರೆದಾರ ಅಂತ ಮಾಹಿತಿ ಹಕ್ಕಿನಲ್ಲಿ ಕೇಳ್ರಿ.

ಅರ್ಜಿ ಬರೆಯೋಕೆ ಬರದವರು ಬರುವವರ ಹತ್ತಿರ ಬರೆಸ್ರಿ. ಹತ್ತು ಹೆಬ್ಬೆಟ್ಟು, ಹತ್ತು ಸಹಿ ಕೂಡಿದರೆ ಅದು ದನಿ. ಆ ದನಿಗೆ ಯಾವ ಡೆಸಿಬಲ್ಲಿನ ಮಿತಿಯೂ ಇಲ್ಲ.

ಜೈಭೀಮ್.