ಬೀಗದ ಕೈ ಯಾರ ಜೇಬಿನಲ್ಲಿ?

(ಜವನಗೊಂಡನಹಳ್ಳಿಯಲ್ಲಿ ಸೇರಿದ್ದ ಎಲಿವೇಟರ್ ಮತ್ತು ಲಿಫ್ಟ್ ಕೆಲಸಗಾರರ ಸಭೆಯಲ್ಲಿ ಸಂಘದ ಶಾಖೆಯ ಪರವಾಗಿ ಮಾಡಿದ ಭಾಷಣ)



ಎಲಿವೇಟರ್ ಕೆಲಸಗಾರರ ಸಭೆಯನ್ನು ಜವನಗೊಂಡನಹಳ್ಳಿಯಲ್ಲಿ ಏಕೆ ಕರೆದಿರಿ, ಇಲ್ಲಿ ಲಿಫ್ಟ್ ಎಲ್ಲಿದೆ ಎಂದು ಹಲವರು ನಮ್ಮನ್ನು ಕೇಳಿದರು. ಉತ್ತರ ಸರಳವಾಗಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ, ನಮ್ಮ ಸುತ್ತಿನ ಅಕ್ಕಿ ಗಿರಣಿಗಳಲ್ಲಿ ಎಲಿವೇಟರ್ ಎಂದರೆ ಕಾಳನ್ನು ಮೇಲಕ್ಕೆ ಹೊರುವ ಬಕೆಟ್ ಪಟ್ಟಿ. ಅದರ ಬುಡದಲ್ಲಿ ನಿಂತು ದುಡಿಯುವವರು ಇಲ್ಲಿದ್ದೀರಿ. ಇನ್ನು ನಮ್ಮೂರ ಮುಂದಿನ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋದ ನಿಮ್ಮ ಮಕ್ಕಳು, ತಮ್ಮಂದಿರು ಅಲ್ಲಿ ಲಿಫ್ಟಿನ ಬಾವಿಗೆ ಇಳಿಯುತ್ತಿದ್ದಾರೆ. ಒಬ್ಬರು ಕಾಳು ಎತ್ತುತ್ತಾರೆ, ಇನ್ನೊಬ್ಬರು ಜನರನ್ನು ಎತ್ತುವ ಯಂತ್ರ ಕೂಡಿಸುತ್ತಾರೆ. ಇಬ್ಬರ ಅಪಾಯವೂ ಒಂದೇ.

ಶಾಖೆಯ ಸಮಾಚಾರವನ್ನು ಮೊದಲು ಹೇಳಿಬಿಡುತ್ತೇವೆ. ಅದು ಸಂತೋಷದ ಸಮಾಚಾರವಲ್ಲ. ನಮ್ಮ ಸದಸ್ಯನೊಬ್ಬನ ಬಲಗೈಯ ಮೂರು ಬೆರಳು ಹೋಗಿವೆ. ಅವನ ಹೆಸರಾಗಲಿ, ಮಿಲ್ಲಿನ ಹೆಸರಾಗಲಿ ಇಲ್ಲಿ ಹೇಳುವುದಿಲ್ಲ. ಎಲಿವೇಟರಿನ ಬುಡದಲ್ಲಿ ಕಡಲೆಕಾಯಿ ಸಿಕ್ಕಿಕೊಂಡಿತ್ತು. ಅದೇ ವೇಳೆಗೆ ಕರೆಂಟು ಹೋಯಿತು. ಒಳ್ಳೆಯ ಸಮಯವೆಂದು ಅವನು ಕೈ ಹಾಕಿ ಬಿಡಿಸತೊಡಗಿದ. ಕರೆಂಟು ಹೋದಾಗ ತಾನಾಗಿ ಬಿಟ್ಟುಕೊಳ್ಳಬೇಕಾದ ಸ್ಟಾರ್ಟರಿಗೆ ಯಾರೋ ಕಡ್ಡಿ ಸಿಕ್ಕಿಸಿದ್ದರು. ಪ್ರತಿ ಸಲ ಗುಂಡಿ ಒತ್ತುವ ತೊಂದರೆ ಬೇಡವೆಂದು. ಕರೆಂಟು ಬಂದಿತು, ಪಟ್ಟಿ ಓಡಿತು.

ಅಜಾಗರೂಕತೆ ಅವನದೇ ಎಂದು ಮಾಲೀಕರು ಹೇಳಿದರು. ನಾವು ಕೇಳುವುದಿಷ್ಟೇ: ಆ ಕಡ್ಡಿಯನ್ನು ಸಿಕ್ಕಿಸಿದ್ದು ಯಾರ ಅವಸರ? ಕರೆಂಟೇ ಬಾರದಿದ್ದರೂ ಅಪಾಯ ತಪ್ಪದು ಎಂಬುದನ್ನೂ ಅವನಿಗೆ ಯಾರೂ ಕಲಿಸಿರಲಿಲ್ಲ. ತುಂಬಿದ ಬಕೆಟ್ಟುಗಳು ಒಂದೇ ಮಗ್ಗುಲಲ್ಲಿರುತ್ತವೆ; ಹಿಮ್ಮುಖ ತಡೆ ಇಲ್ಲದಿದ್ದರೆ ಆ ಭಾರಕ್ಕೆ ಪಟ್ಟಿ ತಾನೇ ಹಿಂದಕ್ಕೆ ಜಾರುತ್ತದೆ.

ಲಿಫ್ಟಿನ ಬಾವಿಯಲ್ಲಿಯೂ ಹೀಗೆಯೇ. ಜನ ಹತ್ತುವ ಪೆಟ್ಟಿಗೆಗೆ ಎದುರಾಗಿ ಒಂದು ತೂಕದ ಕಲ್ಲು ತೂಗುತ್ತಿರುತ್ತದೆ. ಖಾಲಿ ಪೆಟ್ಟಿಗೆಗಿಂತ ಆ ಕಲ್ಲೇ ಹೆಚ್ಚು ಭಾರ. ಬ್ರೇಕು ಸಡಿಲಿದರೆ ಖಾಲಿ ಪೆಟ್ಟಿಗೆ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಏರುತ್ತದೆ. ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವ ಹುಡುಗನಿಗೆ ಇದು ತಿಳಿದಿರಬೇಡವೇ? ಹಗ್ಗ ಹರಿದರೂ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸುವ ಸಾಧನವನ್ನು ಓಟಿಸ್ ಎಂಬಾತ 1854ರಲ್ಲಿಯೇ ನ್ಯೂಯಾರ್ಕಿನಲ್ಲಿ ಜನರೆದುರು ತೋರಿಸಿದನು. ವಿದ್ಯೆಗೆ ಕೊರತೆ ಇಲ್ಲ. ಅಮೆರಿಕದ ಲಿಫ್ಟ್ ಕೆಲಸಗಾರರು 1901ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಸೇರಿ ತಮ್ಮದೇ ಸಂಘ ಕಟ್ಟಿದರು. ನಮ್ಮಲ್ಲಿ ಕೊರತೆ ಇರುವುದು ಒಗ್ಗಟ್ಟಿಗೆ.

ಕೊರತೆಯ ಫಲವನ್ನು ನೋಡಿರಿ. 2022ರ ಸೆಪ್ಟೆಂಬರ್ 14ರಂದು ಅಹಮದಾಬಾದಿನಲ್ಲಿ ಕಟ್ಟುತ್ತಿದ್ದ ಕಟ್ಟಡದ ಲಿಫ್ಟಿನ ಬಾವಿಗೆ ಬಿದ್ದು ಏಳು ಮಂದಿ ಕೂಲಿಗಳು ಸತ್ತರು. 2023ರ ಸೆಪ್ಟೆಂಬರ್ 10ರಂದು ಠಾಣೆಯಲ್ಲಿ ದಿನದ ಕೆಲಸ ಮುಗಿಸಿ ಇಳಿಯುತ್ತಿದ್ದ ಏಳು ಮಂದಿ ಲಿಫ್ಟ್ ಕುಸಿದು ಸತ್ತರು. ಐದೇ ದಿನದ ಮೇಲೆ ನೋಯ್ಡಾದ ಕಡೆ ಮತ್ತೊಂದು ಕಟ್ಟಡದಲ್ಲಿ ನಾಲ್ವರು ಅಂದೇ ತೀರಿಕೊಂಡರು, ಇನ್ನೂ ಕೆಲವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಎಲ್ಲರೂ ಊರು ಬಿಟ್ಟು ಊರು ಕಟ್ಟಲು ಹೋದವರೇ, ನಮ್ಮಂಥವರೇ.

ಕಾನೂನು ಇಲ್ಲವೇ ಎಂದರೆ, ಇತ್ತು, ಇದೆ. 1948ರ ಕಾರ್ಖಾನೆ ಕಾಯ್ದೆಯ 28ನೆಯ ಕಲಮು ಆರು ತಿಂಗಳಿಗೊಮ್ಮೆ ಲಿಫ್ಟನ್ನು ಪರೀಕ್ಷಿಸಬೇಕು, ಜನ ಹತ್ತುವ ಪೆಟ್ಟಿಗೆಗೆ ಎರಡು ಹಗ್ಗವಾದರೂ ಇರಬೇಕು, ಒಂದೊಂದೂ ಪೂರ್ತಿ ಭಾರ ತಾಳಬೇಕು ಎಂದು ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ 2020ರ ಸುರಕ್ಷತಾ ಸಂಹಿತೆಯು 2025ರ ನವೆಂಬರ್ 21ರಿಂದ ಬಂದಿದೆ. ಪುಸ್ತಕ ಬದಲಾಯಿತು, ಹಗ್ಗದ ಗುಣ ಬದಲಾಗಲಿಲ್ಲ. ಬದಲಾದ ಇನ್ನೊಂದು ಸಂಗತಿ ಇದೆ, ಮನಸ್ಸಿಟ್ಟು ಕೇಳಿರಿ. ವಿದ್ಯುತ್ತಿನಿಂದ ನಡೆಯುವ ಮಿಲ್ಲು ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಜನ ಕೆಲಸಗಾರರು ಸಾಕಾಗಿತ್ತು, ಈಗ 20 ಜನ ಬೇಕು. ನಮ್ಮ ಸೀಮೆಯ ಸಣ್ಣ ಮಿಲ್ಲುಗಳಲ್ಲಿ ಎಷ್ಟು ಜನ ಇದ್ದೀರಿ ಎಂದು ನೀವೇ ಎಣಿಸಿಕೊಳ್ಳಿರಿ. ಇನ್‌ಸ್ಪೆಕ್ಟರು ಬಂದು ಕಾಪಾಡುವರೆಂದು ಕಾದು ಕುಳಿತರೆ ಬೆರಳುಗಳು ಉಳಿಯಲಾರವು.

ಆದುದರಿಂದ ಶಾಖೆಯು ಮೂರು ತೀರ್ಮಾನಗಳನ್ನು ನಿಮ್ಮ ಮುಂದಿಡುತ್ತದೆ. ಮೊದಲನೆಯದು: ಎಲಿವೇಟರಿನ ಬುಡಕ್ಕೆ ಕೈ ಹಾಕುವ ಮುಂಚೆ, ಲಿಫ್ಟಿನ ಬಾವಿಗೆ ಇಳಿಯುವ ಮುಂಚೆ ಮೇನ್ ಸ್ವಿಚ್ಚು ಆರಿಸಿ ಬೀಗ ಹಾಕತಕ್ಕದ್ದು. ಬೀಗದ ಕೈ ಮೇಸ್ತ್ರಿಯ ಹತ್ತಿರವಲ್ಲ, ಮಾಲೀಕರ ಹತ್ತಿರವಲ್ಲ, ಕೈ ಹಾಕುವವನ ಜೇಬಿನಲ್ಲಿಯೇ ಇರತಕ್ಕದ್ದು. ಇಬ್ಬರು ಇಳಿದರೆ ಎರಡು ಬೀಗ. ಎರಡನೆಯದು: ಬಾವಿಗೆ ಒಬ್ಬಂಟಿಯಾಗಿ ಯಾರೂ ಇಳಿಯಕೂಡದು. ಮೂರನೆಯದು: ಸ್ಟಾರ್ಟರಿನಲ್ಲಿ ಕಡ್ಡಿ ಕಂಡವನು ಅದನ್ನು ಕಿತ್ತು ಶಾಖೆಗೆ ತಂದು ಒಪ್ಪಿಸಬೇಕು. ಅದಕ್ಕಾಗಿ ಅವನನ್ನು ಕೆಲಸದಿಂದ ತೆಗೆದರೆ ಅವನೊಬ್ಬನ ಪ್ರಶ್ನೆಯಲ್ಲ, ನಮ್ಮೆಲ್ಲರ ಪ್ರಶ್ನೆ.

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಗೋದಾಮಿನಲ್ಲಿ ಮೂಟೆ ಎತ್ತಲೆಂದು ಸ್ಥಳೀಯವಾಗಿ ಬೆಸುಗೆ ಹಾಕಿಸಿದ ತೊಟ್ಟಿಲಿನಲ್ಲಿ ಆಳನ್ನು ಹತ್ತಿಸಬೇಡಿರಿ. ಮೂಟೆ ಬಿದ್ದರೆ ಹರಿಯುವುದು ಚೀಲ ಮಾತ್ರ. ಜನ ಹತ್ತುವ ಲಿಫ್ಟ್ ಬೇಕೆಂದರೆ 2012ರ ಕರ್ನಾಟಕ ಲಿಫ್ಟ್ ಕಾಯ್ದೆಯಂತೆ ಪರವಾನಗಿ ಪಡೆಯಿರಿ. ಬೀಗವೊಂದರ ಬೆಲೆ ನಿಮಗೆ ಗೊತ್ತು, ನೀವೇ ಮಾರುತ್ತೀರಿ. ಒಂದು ಬೆರಳಿನ ಬೆಲೆ ಯಾವ ಅಂಗಡಿಯ ಚೀಟಿಯಲ್ಲಿಯೂ ಇಲ್ಲ.

ನಾವು ದೊಡ್ಡದೇನನ್ನೂ ಕೇಳುತ್ತಿಲ್ಲ. ಒಂದು ಬೀಗ, ಒಂದು ಕೈ, ಜೊತೆಗೆ ಒಬ್ಬ ಮನುಷ್ಯ. ಇಷ್ಟನ್ನೂ ಕೊಡಲಾರದ ಮಿಲ್ಲಿನಲ್ಲಿ ಎಲಿವೇಟರ್ ಓಡಬೇಕೇ ಎಂಬುದನ್ನು ನಾಳೆ ಬೆಳಿಗ್ಗೆ ಪಾಳಿಗೆ ಹೋಗುವಾಗ ನೀವು ತೀರ್ಮಾನಿಸಿರಿ. ಬೆರಳು ಕಳೆದುಕೊಂಡ ಆ ಗೆಳೆಯನು ಈ ಸಭೆಯಲ್ಲಿಯೇ ಕುಳಿತಿದ್ದಾನೆ. ಮೊದಲನೆಯ ಬೀಗಕ್ಕೆ ಚಂದಾ ಕೊಟ್ಟವನೂ ಅವನೇ.