ಕಂಬವಿಲ್ಲದ ಜಾಲ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಗೀತ ನಾಟಕಗಳ ನಡುವೆ ರೇಡಿಯೋ ಅಲೆಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಮ್ಮ ಮನೆಗಳ ಮಕ್ಕಳಲ್ಲಿ ಇಂಜಿನಿಯರಿಂಗ್ ಓದುತ್ತಿರುವವರು ಬಹಳ ಮಂದಿ. ಅವರಿಗೆ ಪ್ರಯೋಜನವಾಗಲೆಂಬುದು ಅವರ ಆಶಯ. ಹಿರಿಯರಿಗೆ ತಿಳಿಯದ ಮಾತು ಬೇಡವೆಂಬ ಷರತ್ತನ್ನೂ ಹಾಕಿದ್ದಾರೆ.

೨೦೦೫ರ ಜುಲೈ ೨೬ನ್ನು ಮುಂಬಯಿಯ ನಾವಾರೂ ಮರೆತಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಬಿತ್ತು. ಕೈಯಲ್ಲಿ ಟೆಲಿಫೋನಿತ್ತು, ಆದರೆ ನಗರದ ಬಹುಭಾಗದಲ್ಲಿ ಅದು ಬಾಯಿ ಬಿಡಲಿಲ್ಲ. ಮಕ್ಕಳು ಶಾಲೆಯಿಂದ ಹೊರಟರೋ ಇಲ್ಲವೋ, ಕೆಲಸಕ್ಕೆ ಹೋದವರು ಯಾವ ಸ್ಟೇಷನ್ನಿನಲ್ಲಿ ಸಿಕ್ಕಿಕೊಂಡರೋ ತಿಳಿಯದೆ ಎಷ್ಟೋ ಮನೆಗಳು ರಾತ್ರಿಯಿಡೀ ನಿದ್ದೆಗೆಟ್ಟುವು. ಇದಕ್ಕೆ ಕಾರಣವುಂಟು. ಮೊಬೈಲನ್ನು ನಾವು ನಿಸ್ತಂತು ಎನ್ನುತ್ತೇವೆ; ಅದರ ನಿಸ್ತಂತುತನವೆಲ್ಲ ನಮ್ಮ ಕೈಯಿಂದ ಹತ್ತಿರದ ಟವರಿನವರೆಗೆ ಮಾತ್ರ. ಪಕ್ಕದ ಕೋಣೆಯವರಿಗೆ ಕರೆಮಾಡಿದರೂ ಮಾತು ಟವರಿಗೆ ಹೋಗಿ, ಅಲ್ಲಿಂದ ಕಂಪನಿಯ ಯಂತ್ರಗಳನ್ನು ಹೊಕ್ಕು ಹಿಂದಿರುಗತಕ್ಕದ್ದು. ಟವರಿಗೆ ವಿದ್ಯುತ್ತು ನಿಂತಿತೋ, ಅದನ್ನು ನಂಬಿದ ಫೋನುಗಳೆಲ್ಲ ಒಮ್ಮೆಗೇ ಮೂಕ.

ಹಾಗಾದರೆ ಫೋನುಗಳು ಟವರಿನ ಹಂಗಿಲ್ಲದೆ ತಾವುತಾವೇ ಮಾತನಾಡಿಕೊಳ್ಳಬಾರದೇಕೆ? ಊರಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಷ್ಟೆ. ಹಾಗೆಯೇ ಒಂದರ ಸುದ್ದಿಯನ್ನು ಇನ್ನೊಂದು ಫೋನು ಹಿಡಿದು ಮುಂದಿನದಕ್ಕೆ ಕೊಡುವ ಜಾಲವನ್ನು ‘ಅಡ್‌ಹಾಕ್’ ಜಾಲ ಎನ್ನುತ್ತಾರೆ. ಅದು ಲ್ಯಾಟಿನ್ ಮಾತು, ‘ಇದಕ್ಕಾಗಿ’ ಎಂದರ್ಥ. ನಮ್ಮ ಕಛೇರಿಯ ಕನ್ನಡದಲ್ಲಿ ‘ಹಂಗಾಮಿ’ ಎನ್ನಬಹುದು. ಹಂಗಾಮಿ ಎಂದೊಡನೆ ಹದಿನೈದು ವರ್ಷವಾದರೂ ಖಾಯಂ ಆಗದ ಗುಮಾಸ್ತನ ನೆನಪಾಗುತ್ತದೆ, ನಿಜ. ಈ ಜಾಲ ಮಾತ್ರ ಅಪ್ಪಟ ಹಂಗಾಮಿ. ಜನ ಸೇರಿದಾಗ ಹುಟ್ಟಿ ಚದುರಿದಾಗ ಕರಗುತ್ತದೆ.

ವಿಚಾರ ಹೊಸದೇನಲ್ಲ. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಆ ದ್ವೀಪಗಳ ಕಂಪ್ಯೂಟರು ಕೇಂದ್ರಗಳನ್ನು ರೇಡಿಯೋ ಮೂಲಕ ಕೂಡಿಸಿದರು. ಅವರ ನಿಯಮ ಸರಳ: ಹೇಳುವುದಿದ್ದರೆ ಹೇಳಿಬಿಡು, ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದರೆ ಒಂದಿಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೇಳು. ಆದರೆ ಹೀಗೆ ಕೂಗಾಡಿದರೆ ದಾರಿಯ ಸಾಮರ್ಥ್ಯದಲ್ಲಿ ನೂರಕ್ಕೆ ಹದಿನೆಂಟರಷ್ಟು ಮಾತ್ರ ದಕ್ಕುತ್ತದೆಂದು ಲೆಕ್ಕ ತೋರಿಸಿತು. ಇದೇ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ಚಲಿಸುವ ವ್ಯಾನಿನಲ್ಲಿ ರೇಡಿಯೋ ಇಟ್ಟು, ಸುದ್ದಿಯನ್ನು ಮಜಲು ಮಜಲಾಗಿ ದಾಟಿಸುವ ಪ್ರಯೋಗಗಳನ್ನು ನಡೆಸಿತು.

ಇನ್ನು ತೊಡಕು. ಸಾಲಿನಲ್ಲಿ ನಿಂತವರು ಅತ್ತಿತ್ತ ಓಡಾಡತೊಡಗಿದರೆ ಕೊಡ ಯಾರ ಕೈಗೆ ಕೊಡುವುದು? ದಾರಿ ಹುಡುಕುವ ಈ ಪ್ರಶ್ನೆಗೆ ಪರ್ಕಿನ್ಸ್ ಮತ್ತು ರಾಯರ್ ೧೯೯೯ರಲ್ಲಿ ಕೊಟ್ಟ ಉತ್ತರ ಪ್ರಸಿದ್ಧವಾದುದು: ಬೇಕಾದಾಗ ಮಾತ್ರ ಕೇಳು. ‘ಇಂಥವರನ್ನು ಬಲ್ಲಿರಾ?’ ಎಂದು ನೆರೆಯವರನ್ನು ಕೇಳಿದರೆ ಅವರು ತಮ್ಮ ನೆರೆಯವರನ್ನು ಕೇಳುತ್ತಾರೆ. ಬಲ್ಲವರು ಸಿಕ್ಕಾಗ, ಪ್ರಶ್ನೆ ಬಂದ ದಾರಿಯಲ್ಲೇ ಉತ್ತರ ಹಿಂದಿರುಗುತ್ತದೆ. ಪರಸ್ಥಳದಲ್ಲಿ ನೆಂಟರ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಆದರೆ ೨೦೦೦ದಲ್ಲಿ ಪೀಯೂಷ್ ಗುಪ್ತ ಮತ್ತು ಪಿ. ಆರ್. ಕುಮಾರ್ ಒಂದು ಕಹಿ ಸತ್ಯವನ್ನು ಗಣಿತದಿಂದ ಸಿದ್ಧಪಡಿಸಿದರು. ಕುಮಾರ್ ಅವರು ಮದರಾಸಿನ ಐ.ಐ.ಟಿ.ಯಲ್ಲಿ ಓದಿದವರು. ಇಂಥ ಜಾಲದಲ್ಲಿ ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕುಗ್ಗುತ್ತದೆ. ಸದಸ್ಯರು ನೂರು ಪಟ್ಟಾದರೆ ಪಾಲು ಹತ್ತರಲ್ಲಿ ಒಂದಂಶಕ್ಕಿಂತಲೂ ಕೆಳಗಿಳಿಯುತ್ತದೆ. ಏಕೆಂದರೆ ಪ್ರತಿಯೊಬ್ಬನ ಹೊತ್ತೆಲ್ಲ ಪರರ ಕೊಡ ದಾಟಿಸುವುದರಲ್ಲೇ ಕಳೆದುಹೋಗುತ್ತದೆ. ಹಿಂದೆಯೇ ಗ್ರಾಸ್‌ಗ್ಲಾಸರ್ ಮತ್ತು ತ್ಸೆ ಎಂಬಿಬ್ಬರು ಇದಕ್ಕೊಂದು ಪರಿಹಾರ ತೋರಿಸಿದರು. ತಡವಾದರೂ ಚಿಂತೆಯಿಲ್ಲವೆನ್ನುವುದಾದರೆ ಓಡಾಟವೇ ಉಪಕಾರಿ: ಸುದ್ದಿಯನ್ನು ಒಬ್ಬನ ಕೈಗಿಟ್ಟು, ಅವನು ನಡೆದುಹೋಗಿ ಗುರಿಯ ಹತ್ತಿರ ಸೇರುವ ತನಕ ಕಾಯಬೇಕು.

ಇದು ನಮಗೆ ಹೊಸತೇ? ಊರಿಗೆ ಹೊರಟವರ ಕೈಯಲ್ಲಿ ಕಾಗದ ಕೊಟ್ಟು, ಬರುವವರ ಕೈಯಲ್ಲಿ ಉಪ್ಪಿನಕಾಯಿ ತರಿಸಿಕೊಂಡು ನಮ್ಮ ಹಿರಿಯರು ಈ ನಗರದಲ್ಲಿ ಬಾಳಿದರು. ಇದೇ ಉಪಾಯವನ್ನು ನಮ್ಮ ಕನ್ನಡನಾಡಿನ ದೊಡ್ಡಬಳ್ಳಾಪುರದಲ್ಲೇ ಪರೀಕ್ಷಿಸಿದ್ದಾರೆಂಬುದು ಅನೇಕರಿಗೆ ತಿಳಿದಿರಲಾರದು. ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಏರಿದ್ದುವು. ಆದರೆ ನಕಲು ಬೇಕಾದ ರೈತ ತಾಲ್ಲೂಕು ಕಛೇರಿಗೇ ಬರಬೇಕಾಗಿತ್ತು. ‘ಡಾಕ್‌ನೆಟ್’ ಎಂಬ ಪ್ರಯೋಗದವರು ಸರಕಾರಿ ಬಸ್ಸಿನಲ್ಲಿ ಒಂದು ಸಣ್ಣ ರೇಡಿಯೋ ಪೆಟ್ಟಿಗೆಯನ್ನಿಟ್ಟರು. ಬಸ್ಸು ಹಳ್ಳಿಗೆ ಬಂದಾಗ ಅಲ್ಲಿನ ಕೇಂದ್ರದ ಅರ್ಜಿಗಳು ಪೆಟ್ಟಿಗೆಗೆ ಹಾರಿಕೊಳ್ಳುತ್ತಿದ್ದುವು. ತಾಲ್ಲೂಕಿನಲ್ಲಿ ಪಹಣಿಗಳು ಅದೇ ಪೆಟ್ಟಿಗೆಗೆ ಏರಿ ಹಳ್ಳಿಗೆ ಮರಳುತ್ತಿದ್ದುವು. ದಿನಕ್ಕೆ ಆರು ಸಲ ಬಸ್ಸು. ಸಲಕ್ಕೆ ಸರಾಸರಿ ಎರಡೂವರೆ ನಿಮಿಷದ ಭೇಟಿ. ಅಷ್ಟರಲ್ಲೇ ಇಪ್ಪತ್ತು ಮೆಗಾಬೈಟಿನಷ್ಟು ಮಾಹಿತಿ. ರೈತನಿಗೆ ಖರ್ಚು ಪಹಣಿಗೆ ೧೫ ರೂಪಾಯಿ. ೨೦೦೪ರ ಜನವರಿಯಲ್ಲಿ ಇದರ ವರದಿ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾಯಿತು. ಆ ತಿಂಗಳಲ್ಲೇ ಕೀನ್ಯಾದಲ್ಲಿ ಪ್ರಿನ್ಸ್‌ಟನ್ನಿನವರು ಜೀಬ್ರಾಗಳ ಕೊರಳಿಗೆ ಯಂತ್ರ ಕಟ್ಟಿ, ಅವು ಸಂಧಿಸಿದಾಗ ಒಂದರ ದಿನಚರಿ ಇನ್ನೊಂದಕ್ಕೆ ದಾಟುವಂತೆ ಮಾಡಿದರು. ನನಗಂತೂ ಬಸ್ಸೇ ಹೆಚ್ಚು ಮೆಚ್ಚು.

ಯಂತ್ರದ ಕಷ್ಟಕ್ಕಿಂತ ಮನುಷ್ಯಸ್ವಭಾವದ ಕಷ್ಟ ದೊಡ್ಡದು. ಪರರ ಸುದ್ದಿಗಾಗಿ ನನ್ನ ಬ್ಯಾಟರಿ ಏಕೆ ಸವೆಯಬೇಕು? ತನ್ನ ಸುದ್ದಿಯನ್ನು ಕಳಿಸಿ, ಪರರದನ್ನು ತಿಪ್ಪೆಗೆಸೆಯುವ ಫೋನನ್ನು ಹಿಡಿಯುವುದು ಹೇಗೆ? ೨೦೦೦ದಲ್ಲಿ ಸ್ಟ್ಯಾನ್‌ಫರ್ಡಿನವರು ಒಂದು ಕಾವಲು ಸೂಚಿಸಿದರು: ಕೊಡ ಕೊಟ್ಟಮೇಲೆ, ಆತ ಮುಂದೆ ದಾಟಿಸಿದನೇ ಎಂದು ಕಿವಿಗೊಟ್ಟು ಕೇಳು. ಲೊಸಾನಿನವರು, ದಾಟಿಸಿದವನಿಗೆ ಒಂದು ಕಾಲ್ಪನಿಕ ನಾಣ್ಯ ಸಲ್ಲಲಿ ಎಂದರು. ‘ನನ್ನ ದಾರಿಯೇ ಹತ್ತಿರ’ ಎಂದು ಸುಳ್ಳು ಹೇಳಿ ಸುದ್ದಿಯನ್ನೆಲ್ಲ ನುಂಗುವ ಠಕ್ಕರೂ ಇರಬಲ್ಲರು. ಅವರಿಗೆ ಕಪ್ಪುಕುಳಿ ಎಂದೇ ಹೆಸರು. ಇವುಗಳಲ್ಲಿ ಯಾವುದೂ ಪೂರ್ತಿ ಬಗೆಹರಿದಿಲ್ಲ.

ಕಡೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ. ಈ ವಿಷಯದ ಪ್ರಬಂಧಗಳಲ್ಲಿ ಬಹಳಷ್ಟು ಕಂಪ್ಯೂಟರಿನೊಳಗೆ ಬೊಂಬೆಗಳನ್ನು ಓಡಾಡಿಸಿ ಬರೆದುವು. ಬೊಂಬೆ ಮನಬಂದ ದಿಕ್ಕಿಗೆ ಮನಬಂದ ವೇಗದಲ್ಲಿ ನಡೆಯುತ್ತದೆ. ೨೦೦೩ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಮೂವರು ಇದರ ಹುಳುಕನ್ನು ಬಯಲುಮಾಡಿದರು: ಎಲ್ಲರೂ ಬಳಸುತ್ತಿದ್ದ ಆ ಮಾದರಿಯಲ್ಲಿ ಬೊಂಬೆಗಳ ಸರಾಸರಿ ವೇಗ ಹೊತ್ತು ಕಳೆದಂತೆ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಹಳೆಯ ವಿಧಾನಕ್ಕೆ ಇನ್ನೊಂದು ಬಾಲ ಸೇರಿಸಿ ಪದವಿ ಪಡೆಯುವ ಬದಲು ನಿಜವಾದ ಜನರ ಬಳಿಗೆ ಹೋಗಿರಿ. ವಿರಾರದಿಂದ ಚರ್ಚ್‌ಗೇಟಿಗೆ ಬರುವ ಒಂದು ಲೋಕಲ್ ಗಾಡಿಯಲ್ಲಿ ಸಾವಿರಾರು ಫೋನುಗಳು ಜೊತೆಯಾಗಿ ಸಾಗುತ್ತವೆ. ಎದುರುಗಾಡಿ ಕೆಲವೇ ಕ್ಷಣ ಪಕ್ಕದಲ್ಲಿ ಹಾದುಹೋಗುತ್ತದೆ. ಟವರುಗಳೆಲ್ಲ ನಿಂತ ದಿನ, ಅಂಧೇರಿಯಲ್ಲಿ ಸಿಕ್ಕಿಕೊಂಡ ಮಗಳ ‘ಕ್ಷೇಮ’ ಎಂಬ ಒಂದು ಮಾತು ಆ ಕ್ಷಣಗಳಲ್ಲಿ ಗಾಡಿಯಿಂದ ಗಾಡಿಗೆ ದಾಟಿ ಬೋರಿವಲಿಯ ತಾಯಿಯನ್ನು ಎಷ್ಟು ಗಂಟೆಯಲ್ಲಿ ಮುಟ್ಟೀತು? ಮೊದಲು ಅಳೆಯಬೇಕಾದುದು ಅದನ್ನು. ಅದಕ್ಕೆ ಬೇಕಾದುದು ಎರಡು ಫೋನು, ಒಂದು ಸೀಸನ್ ಪಾಸು, ಕೆಲವು ತಿಂಗಳ ತಾಳ್ಮೆ.