‘ನಮ್ಮನ್ಯಾಗ ಅಂಥವ್ರು ಯಾರೂ ಇಲ್ರಿ’

ಹಲಬರ್ಗಾದಿಂದ ಮಾತಾಡ್ಲತ್ತೀನಿ. ಹಿಂದೆ ಮಷಿನ್ ಸಪ್ಪಳ ಕೇಳಿಸಿದರೆ ಬೇಜಾರಾಗಬ್ಯಾಡ್ರಿ, ಊರಾಗ ತೊಗರಿ ರಾಶಿ ನಡೆದದ.

2011ರ ಫೆಬ್ರುವರಿ. ನನಗಾಗ 13 ವರ್ಷ. ಜನಗಣತಿಗೆ ಅಂತ ಒಬ್ಬರು ಟೀಚರ್ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ದೊಡ್ಡ ಫಾರ್ಮು. ಮುತ್ಯಾ ಕಟ್ಟೆ ಮೇಲೆ ಕೂತಿದ್ದ. ಅವನಿಗೆ ಎರಡೂ ಕಣ್ಣಿಗೆ ಮೋತಿಬಿಂದು, ಅಂದ್ರೆ ಪೊರೆ. ನಾನು ಎದುರಿಗೆ ನಿಂತರೆ ‘ಯಾರಲೇ?’ ಅಂತ ಕೇಳ್ತಿದ್ದ. ದನಿ ಕೇಳಿದ ಮೇಲೇ ಗುರುತು. ಟೀಚರ್ ಹೆಸರು, ವಯಸ್ಸು ಎಲ್ಲ ಬರಕೊಂಡು, ‘ಅಂಗವಿಕಲರು ಯಾರಾರ ಇದ್ದಾರೇನ್ರಿ?’ ಅಂತ ಕೇಳಿದರು. ಆಯಿ ಒಳಗಿನಿಂದಲೇ ಹೇಳಿದಳು: ‘ಇಲ್ರಿ ಬಾಯಿ, ನಮ್ಮನ್ಯಾಗ ಅಂಥವ್ರು ಯಾರೂ ಇಲ್ರಿ. ಎಲ್ಲಾರೂ ಛಲೋ ಅದಾರ.’ ಟೀಚರ್ ಬರಕೊಂಡರು, ಚಹಾ ಕುಡಿದು ಹೋದರು.

ಆಯಿ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಅದು ವಯಸ್ಸು, ಅಷ್ಟೇ.

ಆ ಜನಗಣತಿಯ ಲೆಕ್ಕ ಹೀಗೆ ಬಂತು: ಇಡೀ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಅಂದ್ರೆ ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ 13.24 ಲಕ್ಷ. 2018ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದ್ರೆ ಎನ್‌ಎಸ್‌ಎಸ್‌ನವರು ಮತ್ತೆ ಎಣಿಸಿದಾಗಲೂ ಹೆಚ್ಚುಕಮ್ಮಿ ಅಷ್ಟೇ, ಶೇ 2.2. ಈಗ ವಿಶ್ವ ಆರೋಗ್ಯ ಸಂಸ್ಥೆ ಏನು ಹೇಳ್ತದ ಕೇಳ್ರಿ. ಜಗತ್ತಿನಲ್ಲಿ 130 ಕೋಟಿ ಜನಕ್ಕೆ ಗಣನೀಯ ಅಂಗವೈಕಲ್ಯ ಇದೆ, ಶೇ 16. ಆರು ಜನರಲ್ಲಿ ಒಬ್ಬರು. ಅಮೆರಿಕದ ಸಮೀಕ್ಷೆಗಳಲ್ಲಿ ವಯಸ್ಕರಲ್ಲಿ ನಾಲ್ಕರಲ್ಲಿ ಒಬ್ಬರು ಅಂತ ಬರ್ತದೆ.

ಅಲ್ಲಿ ನಾಲ್ಕರಲ್ಲಿ ಒಬ್ಬರು, ನಮ್ಮಲ್ಲಿ 45 ಜನರಲ್ಲಿ ಒಬ್ಬರು. ನಮ್ಮ ಕಡೆ ಮಂದಿ ಅಷ್ಟು ಗಟ್ಟಿನಾ? ನಾನು ಬಿ.ಕಾಂ ಓದಿದವ. ಲೆಕ್ಕ ಇಷ್ಟು ಛಲೋ ಕಂಡರೆ ಮೊದಲು ಬುಕ್ಸ್ ಮೇಲೇ ಅನುಮಾನ ಬರ್ತದ. ಖರ್ಚಿನ ಎಂಟ್ರಿ ಹಾಕಿಲ್ಲ ಅಂದ್ರೆ ಖರ್ಚೇ ಆಗಿಲ್ಲ ಅಂತ ಅಲ್ಲಲ್ಲ.

ಒಂದು ಮಾತು ಖರೆ, ಅವರಲ್ಲಿ ವಯಸ್ಸಾದವರು ನಮಗಿಂತ ಹೆಚ್ಚು, ಅದಕ್ಕೂ ಸಂಖ್ಯೆ ಏರ್ತದೆ. ಆದರೆ ದೊಡ್ಡ ವ್ಯತ್ಯಾಸ ಇರೋದು ಪ್ರಶ್ನೆಯಲ್ಲಿ. ನಮ್ಮ ಫಾರ್ಮಿನಲ್ಲಿ ಕೇಳಿದ್ದು ‘ಈ ವ್ಯಕ್ತಿ ಅಂಗವಿಕಲರೇ?’ ಅಂತ. ನಮ್ಮೂರಲ್ಲಿ ಅದು ಪ್ರಶ್ನೆ ಅಲ್ಲ, ಬೈಗುಳ. ಒಬ್ಬನ ಹೆಸರಿನ ಮುಂದೆ ‘ಕುಂಟ’ ಅಂತಲೋ ‘ಕಿವುಡ’ ಅಂತಲೋ ಸೇರಿತು ಅಂದ್ರೆ ಸಾಯೋತನಕ ಅದೇ ಹೆಸರು, ಆಮೇಲೆ ಅವನ ಮಕ್ಕಳನ್ನೂ ಹಾಗೇ ಗುರುತಿಸ್ತಾರೆ. ಮನೆಯಲ್ಲಿ ಮದುವೆ ವಯಸ್ಸಿನ ಹುಡುಗಿ ಇದ್ದರಂತೂ ಯಾರು ‘ಹೌದು’ ಅಂತಾರೆ?

ಇದಕ್ಕೇ 2001ರಿಂದ ವಾಷಿಂಗ್ಟನ್ ಗ್ರೂಪ್ ಅಂತ ಒಂದು ಅಂತರರಾಷ್ಟ್ರೀಯ ಗುಂಪು ಬೇರೆ ಥರದ ಪ್ರಶ್ನೆ ಮಾಡಿಕೊಂಡಿದೆ. ಅಂಗವಿಕಲ ಅನ್ನೋ ಪದವೇ ಅದರಲ್ಲಿ ಇಲ್ಲ. ಚಷ್ಮಾ ಹಾಕಿಕೊಂಡರೂ ನೋಡೋಕೆ ತ್ರಾಸ ಆಗ್ತದೇನು? ಕೇಳಿಸಿಕೊಳ್ಳೋಕೆ? ನಡೆಯೋಕೆ, ಮೆಟ್ಟಿಲು ಹತ್ತೋಕೆ? ನೆನಪಿಟ್ಟುಕೊಳ್ಳೋಕೆ? ಸ್ನಾನ ಮಾಡೋಕೆ, ಬಟ್ಟೆ ಹಾಕೋಕೆ? ನಿಮ್ಮ ಮಾತು ಇನ್ನೊಬ್ಬರಿಗೆ ತಿಳಿಸೋಕೆ? ಆರೇ ಪ್ರಶ್ನೆ. ಉತ್ತರ ನಾಲ್ಕು: ಇಲ್ಲ, ಸ್ವಲ್ಪ, ಭಾಳ, ಆಗೋದೇ ಇಲ್ಲ. ಒಂದಕ್ಕಾದರೂ ‘ಭಾಳ’ ಅಥವಾ ‘ಆಗೋದೇ ಇಲ್ಲ’ ಬಂದರೆ ಲೆಕ್ಕಕ್ಕೆ ಸೇರಿಸ್ತಾರೆ.

ಈ ಎಪಿಸೋಡ್‌ಗಾಗಿ ನಮ್ಮ ಮನೆಯಲ್ಲೇ ಕೇಳಿ ನೋಡಿದೆ. ಐದು ಜನ ಇದ್ದೀವಿ. ಆಯಿಗೆ ಕಿವಿ ಕೇಳಿಸೋದು ಭಾಳ ತ್ರಾಸ; ಈ ಪ್ರಶ್ನೆಯನ್ನೇ ಮೂರು ಸಲ ಕೂಗಿ ಕೇಳಬೇಕಾಯ್ತು. ಅವ್ವಗೆ ಮೊಣಕಾಲು. ಭಾಲ್ಕಿ ಬಸ್ ಹತ್ತಬೇಕಾದರೆ ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈ ಎಳಕೊಳ್ತಾಳೆ, ಹಿಂದಿನಿಂದ ಕಂಡಕ್ಟರ್ ‘ಲಗೂ ಲಗೂ’ ಅಂತಾನೆ. ಕಾಕಾಗೆ ರಾಶಿ ಮಷಿನ್‌ನಲ್ಲಿ ಬಲಗೈ ಮೂರು ಬೆರಳು ಹೋಗ್ಯಾವ. ಆದರೆ ಆರೂ ಪ್ರಶ್ನೆಗೆ ಅವನ ಉತ್ತರ ‘ಇಲ್ಲ’. ಎಡಗೈಲೇ ಎಲ್ಲ ರೂಢಿ ಮಾಡಿಕೊಂಡಾನ. ಅಂದ್ರೆ ಈ ಪ್ರಶ್ನೆಗಳೂ ಎಲ್ಲರನ್ನೂ ಹಿಡಿಯೋದಿಲ್ಲ. ಮನಸ್ಸಿನ ಕಾಯಿಲೆಯನ್ನಂತೂ ಬಹಳಷ್ಟು ಸಲ ಬಿಟ್ಟೇ ಬಿಡ್ತವೆ.

ಉಳಿದವರು ನಾನು ಮತ್ತು ಅಪ್ಪ. ಅಪ್ಪನ ವಿಷಯ ಸ್ವಲ್ಪ ಉದ್ದ.

ಅಪ್ಪನಿಗೆ ಹನ್ನೊಂದು ವರ್ಷದಿಂದ ಶುಗರ್. ಗುಳಿಗೆ ತಗೋತಿದ್ದ, ಬಿಡ್ತಿದ್ದ. ಎರಡು ವರ್ಷದ ಹಿಂದೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ವಿ. ಬೀದರ್ ಕಡೆಯವರಿಗೆ ಹೇಳಬೇಕಾಗಿಲ್ಲ, ಭಜ್ಜಿ, ಅಂಬಲಿ, ಇಡೀ ಬಳಗ ಹೊಲದಲ್ಲಿ. ಪೂಜೆ ಅಂತ ಅಪ್ಪ ಚಪ್ಪಲಿ ಬಿಟ್ಟು ನಡೆದಾಡಿದ. ಕಾಲಿಗೆ ಮುಳ್ಳು ನೆಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಶುಗರ್ ಬಹಳ ದಿನ ಇದ್ದರೆ ಪಾದದ ನರ ಸತ್ತಂಗ ಆಗ್ತಾವ, ನೋವು ತಿಳಿಯೋದಿಲ್ಲ. ರಕ್ತ ಓಡಾಟವೂ ಕಮ್ಮಿ, ಗಾಯ ಮಾಯೋದಿಲ್ಲ. ಎರಡು ವಾರ ಆದ ಮೇಲೆ ವಾಸನೆ ಬಂದಿದ್ದರಿಂದ ಅವ್ವ ಕಾಲು ನೋಡಿದಳು. ಅರಿಷಿಣ ಹಚ್ಚಿದ್ದಾಯ್ತು, ಊರ ಡಾಕ್ಟರ್ ಹತ್ತಿರ ಇಂಜೆಕ್ಷನ್ ಆಯ್ತು. ನಾನಾಗ ಹೈದರಾಬಾದ್‌ನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೆ. ಫೋನ್‌ನಲ್ಲಿ ‘ಸಣ್ಣ ಗಾಯ, ನೀ ಬರಬ್ಯಾಡ’ ಅಂದ. ನಾನೂ ಬರಲಿಲ್ಲ. ಹೋಳಿ ಹೊತ್ತಿಗೆ ಎಡಗಾಲು ಮೊಣಕಾಲಿನ ಕೆಳಗೆ ತೆಗೆದರು.

ನಾ ಬರಲಿಲ್ಲ ಅನ್ನೋದನ್ನ ಇಲ್ಲಿ ಹೇಳಬೇಕೋ ಬ್ಯಾಡೋ ಅಂತ ಭಾಳ ಯೋಚನೆ ಮಾಡಿದೆ. ಹೇಳಿದ್ದೀನಿ.

2023ರಲ್ಲಿ ಪ್ರಕಟವಾದ ಐಸಿಎಂಆರ್‌ನವರ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಕಾಲಷ್ಟೇ ಅಲ್ಲ, ಕಣ್ಣು ಹೋಗ್ತದೆ, ಲಕ್ವಾ ಹೊಡೆಯೋ ಅಪಾಯವೂ ಹೆಚ್ಚು. ಅಂಗವೈಕಲ್ಯ ಅಂದ ಕೂಡಲೇ ನಮ್ಮ ತಲೆಗೆ ಬರೋದು ಹುಟ್ಟಿನಿಂದ ಬಂದದ್ದು, ಇಲ್ಲಾ ಪೋಲಿಯೊ. ವೈಲ್ಡ್ ಪೋಲಿಯೊದ ಕೊನೆಯ ಪ್ರಕರಣ ಭಾರತದಲ್ಲಿ ಕಂಡಿದ್ದು 2011ರ ಜನವರಿಯಲ್ಲಿ. ಅದು ಮುಗಿದ ಕಥೆ. ಈಗ ದೊಡ್ಡವರನ್ನ ಕೂಡಿಸ್ತಿರೋದು ಶುಗರ್, ಬಿಪಿ, ಕೀಲು, ಮತ್ತು ರಸ್ತೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1.68 ಲಕ್ಷ, ಗಾಯಗೊಂಡವರು 4.43 ಲಕ್ಷ. ಸತ್ತವರದ್ದು ಪೇಪರ್‌ನಲ್ಲಿ ಬರ್ತದೆ. ಬೆನ್ನುಮೂಳೆ ಮುರಕೊಂಡು ಮನೆ ಸೇರಿದವನ ಸುದ್ದಿ ಎಲ್ಲಿ ಬರ್ತದೆ?

ಮುತ್ಯಾನ ವಿಷಯಕ್ಕೆ ಬಂದರೆ, 50 ದಾಟಿದವರ ಕುರುಡುತನಕ್ಕೆ ಮೂರರಲ್ಲಿ ಎರಡು ಪಾಲು ಕಾರಣ ಇದೇ ಪೊರೆ ಅಂತ 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆ ಹೇಳ್ತದೆ. ಅರ್ಧ ಗಂಟೆಯ ಆಪರೇಷನ್. ಮುತ್ಯಾ 2013ರಲ್ಲಿ ತೀರಿಕೊಂಡ, ಯಾರೂ ಕರಕೊಂಡು ಹೋಗಲಿಲ್ಲ. ವಯಸ್ಸು ಅಂತ ಹೆಸರಿಟ್ಟ ಮೇಲೆ ಯಾರು ದವಾಖಾನೆಗೆ ಹೋಗ್ತಾರ್ರಿ?

ನಮ್ಮ ಭಾಗದ್ದೇ ಇನ್ನೊಂದು ಇದೆ, ಆನೆಕಾಲು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಎಲ್ಲ ಆನೆಕಾಲು ರೋಗ ಇರೋ ಜಿಲ್ಲೆಗಳು ಅಂತಲೇ ಗುರುತಾಗಿವೆ. ಸೊಳ್ಳೆಯಿಂದ ಹರಡೋದು. ಆಶಾ ಕಾರ್ಯಕರ್ತೆ ಮನೆಗೆ ಬಂದು ಗುಳಿಗೆ ಕೊಟ್ಟರೆ ನಾವು ‘ಆಮೇಲೆ ತಗೋತೀವಿ’ ಅಂತ ಜಂತಿಯ ಸಂದಿಯಲ್ಲಿ ಇಡ್ತೀವಿ. ಅವರ ಎದುರಿಗೇ ನುಂಗಿಬಿಡ್ರಿ, ಪುಣ್ಯ ಬರ್ತದ.

ಕಾರಣ ಯಾವಾಗಲೂ ನಮ್ಮ ಮೈಯೊಳಗೇ ಇರ್ತದೆ ಅಂತಲೂ ಇಲ್ಲ. ಕಾಸರಗೋಡಿನ ಗಡಿಯ ಎಣ್ಮಕಜೆಯಂಥ ಊರುಗಳಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ 2000ದವರೆಗೂ ಎಂಡೋಸಲ್ಫಾನ್ ಸುರಿದರು. ಅಲ್ಲಿನ ಮಕ್ಕಳು ಈಗ ವಯಸ್ಕರು. ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರಲ್ಲೂ ಕೇರಳ ಸರಕಾರಕ್ಕೆ ಹೇಳಬೇಕಾಯ್ತು.

ಅಂದಹಾಗೆ, ಇಯರ್‌ಫೋನ್ ಹಾಕಿಕೊಂಡು ಕೇಳ್ತಿರೋರು ಒಂದೆರಡು ಪಾಯಿಂಟ್ ವಾಲ್ಯೂಮ್ ಕಮ್ಮಿ ಮಾಡ್ರಿ. 12ರಿಂದ 35 ವಯಸ್ಸಿನ 100 ಕೋಟಿಗೂ ಹೆಚ್ಚು ಜನರ ಕಿವಿ ಜೋರು ಸದ್ದಿನಿಂದ ಅಪಾಯದಲ್ಲಿದೆ ಅಂತ ಇದೇ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ನಮ್ಮೂರ ಜಾತ್ರೆಯ ಡಿಜೆ ಮುಂದೆ ಕುಣಿದವರಿಗೆ ಇದು ಬೇರೆ ಹೇಳಬೇಕಾಗಿಲ್ಲ.

ಈಗ ಅಪ್ಪನ ಸರ್ಟಿಫಿಕೇಟ್ ಜಗಳ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. 1995ರ ಕಾಯ್ದೆಯಲ್ಲಿ 7 ಇದ್ದವು. ಶೇ 40 ಮತ್ತು ಅದಕ್ಕಿಂತ ಹೆಚ್ಚು ಅಂತ ಡಾಕ್ಟರ್ ಬರೆದು ಕೊಟ್ಟರೆ ಹೆಚ್ಚಿನ ಸೌಲಭ್ಯ ಸಿಗ್ತವೆ. ಯುಡಿಐಡಿ ಕಾರ್ಡ್, 100 ಕಿ.ಮೀ. ಒಳಗೆ ಓಡಾಡೋಕೆ ರಿಯಾಯಿತಿ ಬಸ್ ಪಾಸ್, ಆದಾಯ ಮಿತಿಯೊಳಗಿದ್ದರೆ ಪಿಂಚಣಿ ಮತ್ತು ಕೃತಕ ಕಾಲು. ಮೊಣಕಾಲ ಕೆಳಗೆ ಕಾಲು ಹೋದವರು ಶೇ 40 ಆರಾಮಾಗಿ ದಾಟ್ತಾರೆ. ಆದರೂ 2018ರ ಆ ಎನ್‌ಎಸ್‌ಎಸ್ ಲೆಕ್ಕದಲ್ಲಿ ಸರ್ಟಿಫಿಕೇಟ್ ಇದ್ದವರು ಶೇ 28.8 ಮಾತ್ರ.

ಯಾಕೆ ಅಂತ ನನಗೀಗ ಗೊತ್ತು. ಒಂದು ಕಚೇರಿಗೆ ಮೂರು ಸಲ ಅಲೆದೆ. ‘ಸೋಮವಾರ ಬರ್ರಿ’, ‘ಡಾಕ್ಟರ್ ಇಲ್ರಿ’, ‘ಆಧಾರ್‌ನಾಗ ಹೆಸರು ಬ್ಯಾರೆ ಅದ’. ಅಪ್ಪನನ್ನ ಕರಕೊಂಡು ಹೋದ ದಿನ ಬೋರ್ಡ್ ಮೇಲಿನ ಅಂತಸ್ತಿನಲ್ಲಿತ್ತು, ಲಿಫ್ಟ್ ಇಲ್ಲ. ಕಾಲಿಲ್ಲ ಅಂತ ತೋರಿಸೋಕೆ ಮೆಟ್ಟಿಲು ಹತ್ತಬೇಕು! ಅಪ್ಪ ಕೆಳಗೇ ನಿಂತ. ‘ನಡಿ ಮನಿಗಿ’ ಅಂದ. ಆಟೋದಲ್ಲಿ ನಾನು ಸಿಟ್ಟಿನಿಂದ ಕೇಳಿದೆ, ‘ಹೊತ್ತಕೊಂಡು ಹೋಗ್ತಿದ್ದೆ, ಯಾಕ ಬ್ಯಾಡ ಅಂದಿ?’ ‘ಹೊತ್ತಕೊಂಡು ಹೋಗೋದು ಹೆಣ. ಮತ್ತ, ಆ ಕಾರ್ಡ್ ತಗೊಂಡ್ರ ನಾ ಕುಂಟ ಅಂತ ಸರಕಾರನೇ ಬರದು ಕೊಟ್ಟಂಗ ಆಗ್ತದಲ್ಲ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಿಂಚಣಿ, ಪಾಸ್ ಅಂತ ಲೆಕ್ಕ ಹೇಳೋಕೆ ಹೋದೆ, ಅವನು ಕಿಟಕಿ ಕಡೆ ಮುಖ ಮಾಡಿದ.

ಆಮೇಲೆ ನಮ್ಮ ಪಂಚಾಯತಿಯ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಭೇಟಿಯಾದೆ. ಇಂಥ ಹುದ್ದೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿಮ್ಮ ಪಂಚಾಯತಿಯಲ್ಲೂ ಕೇಳಿ ನೋಡ್ರಿ. ಅವರಿಗೂ ಪೋಲಿಯೊದಿಂದ ಒಂದು ಕಾಲು ಸಣ್ಣ. ಮನೆಗೆ ಬಂದು ಅಪ್ಪನ ಪಕ್ಕ ಕೂತರು, ಕಾರ್ಡ್ ವಿಷಯ ಎತ್ತಲೇ ಇಲ್ಲ. ಸೋಯಾಬೀನ್ ರೇಟ್ ಮಾತಾಡಿದರು. ಹೋಗುವಾಗ ಹೇಳಿದರು, ‘ಕಾಕಾ, ಪಂಚಾಯತಿ ತನ್ನ ರೊಕ್ಕದಾಗ ಶೇ 5 ನಮ್ಮಂಥವರಿಗೆ ಇಡಬೇಕಂತ ನಿಯಮ ಅದ. ಊರಾಗ ಎಷ್ಟು ಮಂದಿ ಅಂತ ಕೇಳಿದ್ರ ನನ್ನ ಪಟ್ಟಿ ಸಣ್ಣದದ. ನೀ ಸೇರಿದ್ರ ಒಂದು ಹೆಸರು ಹೆಚ್ಚಾಗ್ತದ.’

2027ಕ್ಕೆ ಮತ್ತೆ ಜನಗಣತಿ. ಯಾರೋ ಬಂದು ಇದೇ ಕಟ್ಟೆ ಮುಂದೆ ನಿಂತು ಕೇಳ್ತಾರೆ. ಆಯಿ ಈ ಸಲ ಉತ್ತರ ಹೇಳೋದಿಲ್ಲ, ಅವಳಿಗೆ ಪ್ರಶ್ನೆ ಕೇಳಿಸೋದೇ ಇಲ್ಲ. ಅಪ್ಪನೇ ಹೇಳಬೇಕು.

ಬರೋ ಮಂಗಳವಾರ ಬೋರ್ಡ್ ಮುಂದೆ ಹೋಗೋಕೆ ಹೊಸ ತಾರೀಖು ಸಿಕ್ಕಿದೆ. ಈ ಸಲ ಕೆಳಗಿನ ಕೋಣೆಯಲ್ಲಿ ನೋಡ್ತೀವಿ ಅಂತ ಹೇಳಿದ್ದಾರೆ. ಅಪ್ಪ ಬರ್ತೀನಿ ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಆಧಾರ್ ಕಾರ್ಡ್ ಎಲ್ಲಿಟ್ಟೀರಿ ಅಂತ ನಿನ್ನೆ ಅವ್ವನ ಹತ್ತಿರ ಕೇಳ್ತಿದ್ದ. ಏನಾಯ್ತು ಅಂತ ಮುಂದಿನ ಎಪಿಸೋಡ್‌ನಲ್ಲಿ ಹೇಳ್ತೀನಿ. ಆ ಆರು ಪ್ರಶ್ನೆ ನಿಮ್ಮ ಮನೆಯಲ್ಲೂ ಕೇಳಿ, ಏನು ಉತ್ತರ ಬಂತು ಅಂತ ವಾಯ್ಸ್ ನೋಟ್ ಕಳಿಸ್ರಿ. ಬರ್ತೀನ್ರಿ, ಶರಣು.